ಐದು ಅಂಕದ ಟಿಪ್ಪಣಿ

ಪುಣೆ, ಏಪ್ರಿಲ್ಲಿನ ಉರಿ, ಎಂ.ಎ. ಎರಡನೆಯ ವರ್ಷ.
ಪ್ರಶ್ನೆಪತ್ರಿಕೆಯ ತಳದಲ್ಲಿ, ಟಿಪ್ಪಣಿ ಬರೆಯಿರಿ ಎಂಬಲ್ಲಿ,
ಮೂರನೆಯದು: ಕೇಳಕ್ಕ.

ಪುಸ್ತಕದಲ್ಲಿದ್ದದ್ದನ್ನೇ ಬರೆದೆ:
ರಕ್ತಕ್ಕೂ ಮದುವೆಗೂ ಸೇರದ ಹೆಣ್ಣನ್ನು ಕರೆಯುವ ನಂಟಿನ ಪದ;
ಘೋರ್ಪಡಿಯ ರೈಲ್ವೆ ಚಾಳಿನ ಕನ್ನಡಿಗರಲ್ಲಿ
ಎಡ್ನಾ ಲೂಮಿಸ್ ದಾಖಲಿಸಿದ್ದು, ೧೯೩೧;
ಉದ್ದೇಶ ಅಸ್ಪಷ್ಟ.
ಮೂರೂವರೆ ಬಂತು.

ಮಾಹಿತಿದಾರಳು ಸಂಖ್ಯೆ ಹದಿನಾಲ್ಕು
ನನ್ನ ಅವ್ವನ ಅವ್ವ, ತಿರಕವ್ವ.
ಮೊದಲ ಮೂರು ಕೂಸು ಉಳಿಯದೆ
ನಾಲ್ಕನೆಯದನ್ನು ತೌಡಿನ ಮೇಲೆ ಹೊರಳಿಸಿ
ದೇವರಿಗೂ ಬೇಡವಾಗಲೆಂದು ಇಟ್ಟ ಹೆಸರು.
ನಾವು ಆಯಿ ಅನ್ನುತ್ತಿದ್ದೆವು
(ಪುಣೆಯಲ್ಲಿ ಹಾಗೆಂದರೆ ತಾಯಿ; ಶಾಲೆಯಲ್ಲಿ ಎಷ್ಟು ಫಜೀತಿ).
ಇದನ್ನೆಲ್ಲ ನಾನು ಬರೆಯಲಿಲ್ಲ.

ಮೇಡಮ್ ಬಂದದ್ದು ಟಾಂಗಾದಲ್ಲಿ,
ಒಂದು ಟ್ರಂಕು, ಒಂದು ಮಡಚುವ ಕುರ್ಚಿ,
ಅಮೆರಿಕದ ಗುರು ಕೊಟ್ಟು ಕಳಿಸಿದ
ತಲೆ ಅಳೆಯುವ ಉಕ್ಕಿನ ಕೈವಾರ.
"ತಲಿ ಅಳದು ಏನ ಮಾಡ್ತಿ, ಇರೋದೆಲ್ಲಾ ಒಳಗ ಐತಿ"
ಅಂದಳಂತೆ ಆಯಿ, ರೊಟ್ಟಿ ಬಡಿಯುತ್ತ.
ದುಭಾಷಿ ಅದನ್ನು ಹೇಗೆ ಹೇಳಿದನೋ.
ಕೈವಾರ ಮತ್ತೆ ಟ್ರಂಕಿನಿಂದ ಏಳಲಿಲ್ಲ.
ಹೊರಡುವಾಗ ಮುತ್ಯಾನಿಗೆ ಕೊಟ್ಟು ಹೋದಳು;
ಶೆಡ್ಡಿನಲ್ಲಿ ಹನ್ನೊಂದು ವರ್ಷ
ಅದು ಪಿಸ್ಟನ್ನುಗಳ ಅಡ್ಡಳತೆ ಹೇಳಿತು,
ಒಮ್ಮೆಯೂ ಸುಳ್ಳಾಡದೆ.

ತಲೆ ಬಿಟ್ಟು ಮಾತು ಹಿಡಿದಳು.
ಗಂಡಿಗೆ ತ್ರಿಕೋನ, ಹೆಣ್ಣಿಗೆ ಸೊನ್ನೆ,
ಮದುವೆಗೆ ಜೋಡಿ ಅಡ್ಡಗೆರೆ, ಸತ್ತವರ ಮೇಲೊಂದು ಗೀಟು.
ಅವ್ವನ ಅಣ್ಣ? ಮಾವ.
ಗಂಡನ ಅಪ್ಪ? ಮಾವ.
ಇಬ್ಬರೂ ಬೇರೆ ಅಲ್ಲವೆ? ಅಲ್ಲ, ನಮ್ಮನೆಯಾಗ ಒಬ್ಬನೇ.
ಗಂಡನ ಹೆಸರು?
ಆಯಿ ಸೆರಗು ಕಚ್ಚಿ ಶೆಡ್ಡಿನ ಕಡೆ ಬೊಟ್ಟು ಮಾಡಿದಳು.
ಅಚ್ಚಾದ ನಕ್ಷೆಯಲ್ಲಿ ಇವತ್ತಿಗೂ
ಆ ತ್ರಿಕೋನದ ಕೆಳಗೆ ಖಾಲಿ.

ಮೂರು ತಿಂಗಳು ಹೀಗೆ. ರೊಟ್ಟಿ ಆರಿದವು, ಕೂಸು ಅತ್ತಿತು.
ಕೊನೆಗೊಂದು ದಿನ: ನನ್ನನ್ನು ಏನೆಂದು ಕರೆಯುತ್ತೀ?
ಅತ್ತೆಯಲ್ಲ, ನಾದಿನಿಯಲ್ಲ, ನೆಗೆಣ್ಣಿಯಲ್ಲ,
ಬೀಗರ ಪೈಕಿ ಮೊದಲೇ ಅಲ್ಲ.
ಆಯಿ ಹಂಚಿನ ಮೇಲಿನದನ್ನು ಮಗುಚಿದಳು.
"ದಿನಾ ಕೇಳಕೋತ ಕುಂದರ್ತಿ. ಕೇಳಕ್ಕ ಅನ್ನೂಣು."

ಆ ಒಲೆಯ ಮುಂದೆ, ಆ ಗಳಿಗೆಗೆ ಹುಟ್ಟಿದ ಪದ.
ಹಿಂದೆ ಯಾರ ಬಾಯಲ್ಲೂ ಇರಲಿಲ್ಲ.

ಆಮೇಲೆ ಸಮುದ್ರದಾಚೆ ಅದಕ್ಕೊಂದು ಅಧ್ಯಾಯ.
ಶಿಷ್ಯನೊಬ್ಬ ದ್ರಾವಿಡ ಮೂಲ ಹುಡುಕಿದ,
ಇನ್ನೊಬ್ಬ ಅಲ್ಲವೆಂದು ಸಾಧಿಸಿ ಪ್ರೊಫೆಸರಾದ.
ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ
ನಮ್ಮಲ್ಲಿರುವುದು ಅದೊಂದೇ ಕೇಳು.
ಆಯಿ ಯಾವುದನ್ನು ಅಂದಳೋ
ಆಯಿಗೂ ಗೊತ್ತಿರಲಿಕ್ಕಿಲ್ಲ.

ನಮ್ಮ ಮನೆಯಲ್ಲಂತೂ ಪದ ಉಳಿದುಬಿಟ್ಟಿತು:
ಜನಗಣತಿಗೆ ಬಂದವಳು ಕೇಳಕ್ಕ,
ಪೋಲಿಯೊ ಹನಿಯ ನರ್ಸು ಕೇಳಕ್ಕ,
ಗ್ಯಾಸಿನ ಪುಸ್ತಕ ತಪಾಸಣೆಯ ಹುಡುಗಿಗೂ
ಮೊದಲು ನೀರು, ಬೆಲ್ಲ.

ಕಳೆದ ವರ್ಷ ಮೇಡಮ್ಮಿನ ನೋಟುಬುಕ್ಕಿನ ನಕಲು ನೋಡಿದೆ.
ಕೊನೆಯ ಹಾಳೆಯಲ್ಲಿ ಆಕೆಯದೇ ವಂಶ:
ಅಪ್ಪ, ಗೀಟು. ಅವ್ವ, ಗೀಟು.
ತಮ್ಮ, ಫ್ರಾನ್ಸಿನ ಯುದ್ಧ, ಗೀಟು.
ಪಕ್ಕಕ್ಕೆ ಒಂಟಿ ಸೊನ್ನೆ, ಅಡ್ಡಗೆರೆಯಿಲ್ಲ, ಕೆಳಗೆ ಯಾರೂ ಇಲ್ಲ.
ಆ ಸೊನ್ನೆಯಿಂದ ಹೊರಟ ಒಂದು ಚುಕ್ಕಿಗೆರೆ
ಹೊಲಿಗೆಯ ದಾರ ದಾಟಿ ಎದುರು ಪುಟಕ್ಕೆ,
ಹದಿನಾಲ್ಕರ ತನಕ.

ಚುಕ್ಕಿಗೆರೆಗೆ ಏನರ್ಥವೆಂದು
ಸೂಚಿಯಲ್ಲಿ ಕೊಟ್ಟಿಲ್ಲ.