ಬಲಗಿವಿ

ಆರಕ್ಕೆ ರೇಡಿಯೋ ಉಬ್ಬರದ ಹೊತ್ತು ಹೇಳುತ್ತದೆ.
ದೋಣಿ ಮಾರಿ ಹನ್ನೊಂದು ವರ್ಷ. ಆದರೂ ದೊರಿಂಡಾ
ಒಲೆಯ ಮೇಲಿನ ಹಾಲು ಮರೆತು
ಬಲಗಿವಿ ಕೊಡುತ್ತಾಳೆ.
ಎಡಗಿವಿ ಎಂದೋ ಕಾರ್ಖಾನೆಯ ಪಾಲು:
ಮೀನಿನ ಡಬ್ಬಿಗಳ ಮುಚ್ಚಳ ಬಡಿದ ಸದ್ದು
ಇನ್ನೂ ಅಲ್ಲೇ, ಬಾಡಿಗೆ ಕೊಡದೆ ಕೂತಿದೆ.

ಪತ್ತೇದಾರಿ ಕಾದಂಬರಿಯಾದರೆ ಕೊನೆಯ ಪುಟ ಮೊದಲು.
"ನಡುವೆ ನಾನೇ ಹೊರಟುಬಿಟ್ಟರೆ
ಕೊಲೆಗಾರ ತಪ್ಪಿಸಿಕೊಳ್ಳೋದಿಲ್ಲವಾ?"
ಗ್ರಂಥಾಲಯದ ಹುಡುಗ ಬ್ರಾಯಿಸ್
ನಗದೆ ಮುದ್ರೆ ಒತ್ತುತ್ತಾನೆ.

ಸಂಜೆ, ಗಲೀಶಿಯಾದ ಆ ತುದಿಯಲ್ಲಿ,
ಧಕ್ಕೆಯಿಂದ ದೀಪಸ್ತಂಭದವರೆಗೆ.
ಹೋಗುವಾಗ ಕಡಲು ಬಲಕ್ಕೆ, ಮಾತೋ ಮಾತು,
ಹಕ್ಕಿಗಳ ಜಗಳವೂ ಸೇರಿ.
ಬರುವಾಗ ಎಡಕ್ಕೆ;
ಬಾಯಿ ಆಡಿಸುತ್ತದೆ, ಅಷ್ಟೆ.

ದಾರಿಯಲ್ಲಿ ಯಾರೂ ಇಲ್ಲದ ದಿನ
ದೊರಿಂಡಾ ಮನೆಗೆ
ಹಿಂದುಹಿಂದಕ್ಕೆ ನಡೆದು ಬರುತ್ತಾಳೆ.