ಚಿಲಕ ತೆಗೆಸಿದ್ದು

ಕಾಳಪ್ಪ ಬಡಿಗೇರ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು
ನನ್ನನ್ನೇ ಒಂದು ಗಳಿಗೆ ನೋಡಿದ.
'ಹೊಸಾದು ಹಾಕೂದಲ್ಲರಿ? ಬರೇ ತಗಿಯೂದ?'
ಬರೇ ತೆಗೆಯುವುದು, ಅಂದೆ.
'ಚಿಲಕಾ ಇಲ್ಲದ್ದು ಎಂಥಾ ಬಾಗಲರಿ ಬಾಯಾರ,
ಅದಕ್ಕ ಹಲಗಿ ಅಂತಾರ.'
ನಾಲ್ಕು ತಿರುಪು. ಎರಡು ತುಕ್ಕು ಹಿಡಿದಿದ್ದವು,
ಸೀಮೆಎಣ್ಣೆ ಬಿಟ್ಟು ಹೊತ್ತಿಳಿಯುವ ತನಕ ಕಾಯ್ದ.

ಅವನಿಗೆ ನಾನು ಫಕ್ಕೀರವ್ವನ ವಿಷಯ ಹೇಳಲಿಲ್ಲ.
ನಿನಗೂ ಅರ್ಧವೇ ಹೇಳುತ್ತಿದ್ದೇನೆ, ನಾಜನೀನ್,
ಹೆಸರು ಬದಲಿಸಿ.
ನಾಳೆಯಿಂದ ಈ ಕೋಣೆ ನಿನ್ನದು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೈ ಅವಳದು.
ಉಗುರ ಸಂದಿ ಸದಾ ಕೆಂಪು,
ಬೆರಳು ತಾಗಿದರೆ ಕಣ್ಣು ಉರಿಯುತ್ತದೆ,
ಅಳುವುದಕ್ಕೂ ಮುಂಗೈ ಬಳಸುವವಳು.
ಮೊದಲ ಸಲ ಬಂದಾಗ ನಾನು ಎದ್ದು ಚಿಲಕ ಹಾಕಿದೆ.
ಮಾತು ಹೊರಗೆ ಹೋಗದಿರಲೆಂದು. ಹಾಗೆಂದೇ ಕಲಿತಿದ್ದೆ.
ಟಕ್.
ಅವಳು ಎಲ್ಲಿಗೋ ಹೋಗಿಬಿಟ್ಟಳು,
ಕುರ್ಚಿಯಲ್ಲಿ ಸೀರೆ ಮಾತ್ರ ಕೂತಿತ್ತು.

ಕೇಳಿದೆ, ಉತ್ತರವಿಲ್ಲ. ಮತ್ತೆ ಕೇಳಿದೆ.
ಭುಜ ಮುಟ್ಟಿದೆ, ಅದನ್ನೂ ಸಮಾಧಾನಕ್ಕೆಂದೇ.
ಆಮೇಲೆ ಇಬ್ಬರು ನರ್ಸಮ್ಮಗಳು ಓಡಿ ಬರಬೇಕಾಯಿತು.
ಫೈಲಿನಲ್ಲಿ ಬರೆದೆ: ಸಹಕರಿಸುವುದಿಲ್ಲ.
ಈಗಲೂ ಇದೆ, ನನ್ನದೇ ಅಕ್ಷರ, ದುಂಡಗೆ.
ಹೊಡೆದು ಹಾಕಿಲ್ಲ. ನೀನು ಓದಲೆಂದು.

ನಮ್ಮ ಕಡೆ ಒಂದು ಪ್ರಶ್ನೆ ಇದೆ,
ಹುಬ್ಬಳ್ಳಿಯ ಯಾವ ಓಣಿಯಲ್ಲಾದರೂ ದಿನಕ್ಕೆ ನೂರು ಸಲ ಕೇಳುತ್ತೀ:
ಏನಾಗೈತಿ ನಿನಗ?
ಹಾಲು ಉಕ್ಕಿಸಿದ ಸೊಸೆಗೆ, ಲೆಕ್ಕ ತಪ್ಪಿದ ಹುಡುಗನಿಗೆ,
ಸೊಂಟದ ಮೇಲೆ ಕೈ ಇಟ್ಟು, ಹುಬ್ಬೇರಿಸಿ.
ಅದೇ ಪ್ರಶ್ನೆಯನ್ನು, ಒಂದಕ್ಷರವೂ ಬದಲಿಸದೆ,
ಮೊಣಕಾಲು ಕೆತ್ತಿಸಿಕೊಂಡು ಬಂದ ಕೂಸನ್ನು
ತೊಡೆಯ ಮೇಲೆ ಕೂರಿಸಿಕೊಂಡೂ ಕೇಳುತ್ತಾರೆ:
ಏನಾಗೈತಿ ನಿನಗ.
ಹನ್ನೊಂದು ವರ್ಷ ನಾನು ಮೊದಲನೆಯದನ್ನೇ ಕೇಳುತ್ತಿದ್ದೆ,
ಎರಡನೆಯದು ಎಂದುಕೊಂಡು.

ಆಮೇಲೆ ಏನೂ ದೊಡ್ಡದು ನಡೆಯಲಿಲ್ಲ.
ಬಾಗಿಲ ಬದಿಯ ಕುರ್ಚಿ ಅವಳಿಗೆ ಬಿಟ್ಟು ನಾನು ಗೋಡೆಯ ಕಡೆ ಸರಿದೆ.
'ಏಳತೀನವಾ' ಅಂತ ಹೇಳಿ ಏಳುತ್ತಿದ್ದೆ.
ನಾಲ್ಕು ಮಂಗಳವಾರ ಬರೀ ಮೆಣಸಿನಕಾಯಿಯ ಮಾತು,
ಕಡ್ಡಿ, ಡಬ್ಬಿ, ಸುಕ್ಕು, ಬಣ್ಣ,
ಕಿಲೋಕ್ಕೆ ಎಷ್ಟು ಕೊಡುತ್ತಾರೆ, ಎಷ್ಟು ಮುರಿದುಕೊಳ್ಳುತ್ತಾರೆ.
ಅವಳ ಕಣ್ಣು ಮಾತ್ರ ಚಿಲಕದ ಮೇಲೆಯೇ.
ಐದನೆಯ ವಾರ ಬರಲೇ ಇಲ್ಲ.
ಬಯ್ದುಕೊಂಡೆ. ಅವಳನ್ನಲ್ಲ ಎಂದರೆ ಸುಳ್ಳಾದೀತು.
ಅವತ್ತೇ ಕಾಳಪ್ಪನನ್ನು ಕರೆಸಿದ್ದು.

ಆರನೆಯ ವಾರ ಬಂದವಳು ಕೂರಲಿಲ್ಲ.
ಬಾಗಿಲಲ್ಲಿ ನಾಲ್ಕು ತೂತು, ಬಣ್ಣ ಮಾಸದ ಒಂದು ಪಟ್ಟಿ.
ತೂತಿನ ಮೇಲೆ ಕೆಂಪು ಉಗುರು ಇಟ್ಟು ನೋಡಿದಳು.
'ಯಾರು ತಗಸಿದ್ರು?'
'ನಾನವಾ.'
'ಯಾಕ?'
ಸುಮ್ಮನಿದ್ದೆ. ಹೊರಗೆ ಯಾರೋ ಟೋಕನ್ ನಂಬರು ಕೂಗುತ್ತಿದ್ದರು.
'ಮುಂದ ಮಾಡ್ಲೇನರಿ ಬಾಗಲಾ? ಗದ್ಲ ಭಾಳ ಐತಿ.'
ತಾನೇ ಮುಂದೆ ಮಾಡಿದಳು. ಪೂರ್ತಿಯಲ್ಲ,
ಒಂದು ಗೇಣು ಬಿಟ್ಟು.

ಅಂದು ಅವಳು ಹೇಳಿದ್ದು ಇಲ್ಲಿ ಬೇಡ.
ಕೇಳಿಸಿಕೊಂಡು ಚಿಗರಿ ಬಸ್ಸು ಹತ್ತಿದೆ.
ನವಲೂರಿನಲ್ಲಿ ಬಾಗಿಲು ಉಸ್ಸೆಂದು ತಾನಾಗೇ ಮುಚ್ಚಿದಾಗ
ನನ್ನ ಎದೆ ಹಾರಿತು.
ನನ್ನದಲ್ಲದ ಹೆದರಿಕೆ, ನನ್ನ ಮೈಯಲ್ಲಿ, ಹುಬ್ಬಳ್ಳಿಯ ತನಕ.
ನಿನಗೂ ಆಗುತ್ತದೆ. ಆದಾಗ ಯಾರಾದರೂ ಇರಲಿ
ಕೇಳಲು, ಎರಡನೆಯ ದನಿಯಲ್ಲಿ.
ರಾತ್ರಿ ಹತ್ತಾದರೂ ಫೋನು ಮಾಡು.

ಚಿಲಕ ಕೆಳಗಿನ ಖಾನೆಯಲ್ಲಿದೆ.
ಕಾಳಪ್ಪ ಒಯ್ಯಲಿಲ್ಲ, 'ಇರ್ಲಿರಿ, ಮುಂದ ಬೇಕಾದೀತು' ಅಂದ.
ಹಿತ್ತಾಳೆಯದು, ಒಳ್ಳೆ ಭಾರ.
ಈ ಫ್ಯಾನಿಗೆ ಹಾಳೆ ಹಾರುತ್ತವೆ, ಮೇಲಿಡಲು ಆದೀತು ಅನಿಸಬಹುದು ನಿನಗೆ.
ಮೇಜಿನ ಮೇಲೆ ಮಾತ್ರ ಇಡಬೇಡ.