ಒಂತೆ ಉಂತ್‌ಲೆ

ಮಲ್ಪೆ ಬಂದರಿನ ಟವರಿನ ಬುಡದಲ್ಲಿ ನಮ್ಮದೊಂದು ಕೋಣೆ:
ಎಂಟಡಿ ಉದ್ದ, ಆರಡಿ ಅಗಲ,
ಒಂದು ಏಸಿ, ಒಂದು ಹಲ್ಲಿ, ಎರಡು ಸರ್ವರ್.
ಗೋಡೆಗೆ ಒರಗಿದರೆ ಅಂಗಿಗೆ ಉಪ್ಪು ಹತ್ತುತ್ತದೆ.

ಮೊದಲು ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆಯಿತ್ತು.
ಕಾವಲಿಗೊಂದು, ವಿಳಾಸ ಬದಲಿಸಲೊಂದು, ಹೊರೆ ಹಂಚಲೊಂದು.
ಹೊತ್ತು ತರುವಾಗ ಬೆನ್ನು ನೋಯುತ್ತಿತ್ತು.
ಈಗ ಪೆಟ್ಟಿಗೆ ಕರಗಿ ಬರೀ ಕೆಲಸ ಉಳಿದಿದೆ,
ಎಲ್ಲಿ ಬೇಕಾದರೂ ಇಡಬಹುದು.
ಎಲ್ಲಿ ಬೇಕಾದರೂ ಎಂಬುದೇ
ಈಗ ನನ್ನ ಬೆನ್ನುನೋವು.

ಬೆಂಗಳೂರಿನಲ್ಲಿಟ್ಟರೆ ಜಾಗ ಧಾರಾಳ,
ಹೋಗಿ ಬರಲು ಹದಿನೆಂಟು ಮಿಲಿಸೆಕೆಂಡು.
ಶಿರಾಡಿಯಲ್ಲಿ ಗುಡ್ಡ ಜರಿದು ಕೇಬಲ್ ತುಂಡಾದ ದಿನ
ಹುಬ್ಬಳ್ಳಿ ಸುತ್ತಿ ನಲವತ್ತೊಂದು.
ಮಂಗಳೂರಿನ ಕದ್ರಿ ಗುಡ್ಡದ ಮೇಲಾದರೆ ಆರು.
ಇಲ್ಲೇ ಆದರೆ ಎರಡು.

ಹತ್ತಿರವೆಂದರೆ ಬೇಗ ಅಂದುಕೊಂಡಿದ್ದೆ.
ಎಲ್ಲವನ್ನೂ ಇಲ್ಲೇ ತುರುಕಿದೆ.
ಸಂಜೆ ಬೋಟುಗಳು ಬಂದವು,
ದಕ್ಕೆಯ ಫೋನುಗಳೆಲ್ಲ ಒಟ್ಟಿಗೆ ಬಾಯಿ ತೆರೆದವು
(ಬಂಗುಡೆಗೆ ಎಷ್ಟು, ಬೂತಾಯಿಗೆ ಎಷ್ಟು).
ಎರಡಿದ್ದದ್ದು ಅರವತ್ತಾಯಿತು.
ಬಸ್‌ಸ್ಟಾಪು ಮನೆಯೆದುರೇ ಇದೆ,
ಬಸ್ಸೂ ಬಂದಿದೆ,
ಫುಟ್‌ಬೋರ್ಡಿನಲ್ಲಿ ಕಾಲಿಡಲು ಜಾಗವಿಲ್ಲ;
ಕಂಡಕ್ಟರು ಕೂಗುತ್ತಲೇ ಇದ್ದಾನೆ: ದುಂಬು ಪೋಲೆ, ದುಂಬು ಪೋಲೆ.

ಕದ್ರಿಯಿಂದ ಪ್ರೆಸಿಲ್ಲಾ ಮೇಡಂ ಫೋನು:
"ಮಲ್ಪೆಯದ್ದು ರಾತ್ರಿಯಿಡೀ ಹನ್ನೊಂದು ಪರ್ಸೆಂಟು ದುಡಿಯುತ್ತದೆ.
ಆರಿಸಿಬಿಡು. ಎಲ್ಲ ಬೆಂಗಳೂರಿಗೆ ಕಳಿಸು.
ಹಲ್ಲಿಗೆ ಯಾಕೆ ಏಸಿ?"
ಅವರದ್ದು ತಪ್ಪಲ್ಲ.
ಕರೆಂಟು ಬಿಲ್ಲಿನ ಮೇಲೆ ಅವರ ಸಹಿ.

ಇಪ್ಪತ್ತು ಹೆಜ್ಜೆ ಆಚೆ ಐಸ್ ಪ್ಲಾಂಟು.
ಬೆಳಗಿನ ಜಾವ ಮೂರಕ್ಕೆ ಹೊರಡುವ ಬೋಟಿಗೆ ಐಸು ಪುಡಿಯಾಗಬೇಕು.
ವಾರಿಜಕ್ಕ ಗಾಲಿಯ ಬಾಯಿಗೆ ಗಡ್ಡೆ ತಳ್ಳುತ್ತಾರೆ.
ಬಲಗೈಯಲ್ಲಿ ಮೂರೇ ಬೆರಳು.
ಈ ವರ್ಷ ಅಲ್ಲೊಂದು ಕ್ಯಾಮೆರಾ ಕೂತಿದೆ:
ಕೈ ಕಂಡರೆ ಗಾಲಿ ನಿಲ್ಲಬೇಕು.
ಕಂಡದ್ದು ಕೈಯೋ ಅಲ್ಲವೋ, ಹೇಳುವ ಕೆಲಸ ನಮ್ಮ ಸರ್ವರಿನದ್ದು.

ಒಂದು ರಾತ್ರಿ ಟೇಪು ಹಿಡಿದು ಹೋದೆ.
ನಿಂತ ಗಾಲಿಯ ಸುತ್ತಳತೆ ಅಳೆದೆ,
ತಿರುಗುವಾಗ ಸುತ್ತು ಎಣಿಸಿದೆ,
ಡೀಸೆಲ್ ರಶೀದಿಯ ಹಿಂದೆ ಗುಣಿಸಿದೆ.
ಹದಿನೆಂಟು ಮಿಲಿಸೆಕೆಂಡಿನಲ್ಲಿ
ಹಲ್ಲು ಓಡುವುದು ಐವತ್ತಾರು ಮಿಲಿಮೀಟರು.
ನನ್ನ ಕಿರುಬೆರಳ ಪಕ್ಕ ಟೇಪು ಹಿಡಿದೆ.
ಐವತ್ತಾರು.
ಎರಡು ಮಿಲಿಸೆಕೆಂಡಾದರೆ ಅರ್ಧ ಉಗುರು.
(ಬ್ರೇಕು ತನ್ನ ಸಮಯ ತಾನು ತಿನ್ನುತ್ತದೆ;
ಅದು ನನ್ನ ಕೈಯಲ್ಲಿಲ್ಲ.)

"ಎಂತ ಅಳೆಯುವುದು ಮಾರಾಯ್ತಿ?"
"ತಡ ಅಳೆಯುತ್ತಿದ್ದೇನೆ ವಾರಿಜಕ್ಕ."
"ತಡವನ್ನು ನಾವು ಮೀನಿನ ಕಣ್ಣಲ್ಲಿ ನೋಡುವುದು."
ಆಮೇಲೆ, ಐಸಿನ ಬುಟ್ಟಿ ಎತ್ತುತ್ತ:
"ಬೋಟು ತುಂಬ ಐಸೇ ಹಾಕಿದರೆ ಮೀನಿಗೆ ಜಾಗ ಎಲ್ಲಿ?
ಕಮ್ಮಿ ಹಾಕಿದರೆ ಆ ಮೀನು ಯಾರಿಗೆ?
ತಾಂಡೇಲನನ್ನು ಕೇಳು. ಅವನಿಗೂ ಗೊತ್ತಿಲ್ಲ.
ಪ್ರತಿ ಸಲ ಆಕಾಶ ನೋಡಿ ಹೇಳುತ್ತಾನೆ."

ಮರುದಿನ ಕೂತು ಹಂಚಿದೆ.
ಬಿಲ್ಲಿನ ಲೆಕ್ಕ ಬೆಂಗಳೂರಿಗೆ ಹೋಗಲಿ,
ತಡವಾದ ಬಿಲ್ಲಿಗೆ ಯಾರ ಬೆರಳೂ ಹೋಗುವುದಿಲ್ಲ.
ವಿಳಾಸ ಬದಲಿಸುವ ಕೆಲಸ ಕದ್ರಿಗೆ.
ರೀಲ್ಸು, ಸಿನಿಮಾ, ಕ್ರಿಕೆಟ್ಟು
ಅಲ್ಲೇ ಸಾಲು ನಿಲ್ಲಲಿ. ಒಂತೆ ಉಂತ್‌ಲೆ.
ಕಾವಲು ಇಲ್ಲಿ. ಕೈ ಗುರುತಿಸುವ ಕಣ್ಣು ಇಲ್ಲಿ.
ಒಂದು ಸರ್ವರ್ ಆರಿಸಿದೆ, ಮೇಡಂ ಮಾತು ಅರ್ಧ ಉಳಿಯಿತು.
ಇನ್ನೊಂದರಲ್ಲಿ ಮೂರರಲ್ಲೊಂದು ಪಾಲು ಖಾಲಿ ಬಿಟ್ಟೆ.

ಖಾಲಿ ಯಾಕೆ? ಮೇಡಂ ಮೇಲ್ ಹಾಕಿದ್ದಾರೆ.
ನಾಲ್ಕು ಸಲ ಉತ್ತರ ಬರೆದು ಅಳಿಸಿದ್ದೇನೆ.

ನಿನ್ನೆ ಎರಡೂ ಮುಕ್ಕಾಲಿಗೆ ಗಾಲಿ ಗಕ್ಕನೆ ನಿಂತಿತು.
ಚಪ್ಪಲಿ ಬಿಟ್ಟು ಓಡಿದೆ.
ಹಲ್ಲುಗಳ ತುದಿಯಲ್ಲಿ, ಅರ್ಧ ಉಗುರಿನ ದೂರದಲ್ಲಿ,
ವಾರಿಜಕ್ಕನ ಕೈಯಿಂದ ಜಾರಿದ ಕೆಂಪು ಗ್ಲೌಸು,
ಐದೂ ಬೆರಳು ಖಾಲಿ.

ಗಾಲಿ ಮತ್ತೆ ಶುರುವಾಗಲು ಹತ್ತು ನಿಮಿಷ.
ಬೋಟಿಗೆ ತಡವಾಯಿತೆಂದು
ವಾರಿಜಕ್ಕ ನನಗೇ ಬೈದರು.